ನಲವತ್ತೊಂದನೇ ನಂಬರು

"ಬಾಯ್ ಮುಚ್ಚೇ ರಂಡೆ. ನಿನ್ ಮಗ್ಳು ಬೆಟ್ಟಕ್ಕೆ ಹೋಗೇ ಇಲ್ಲ. ಹೋದೋನು ನಿನ್ ಗಂಡ ಚೌಡ."

ಪರಮೇಶ್ವರಪ್ಪನವರು ನಮ್ಮ ತಿಮ್ಮಿಗೆ ಹೀಗೆ ಬೈದದ್ದು ನಮ್ಮೂರು ಮನ್ಮನೆಯ ಸಭಾಭವನದಲ್ಲಿ, ಎಥಿಕ್ಸ್ ಕಮಿಟಿಯ ಮೇಡಂ ಎದುರಿಗೇ. ಮೇಡಂ ಬೆಂಗಳೂರಿನ ಡಾಕ್ಟರು. ತಲೆ ಎತ್ತದೆ ಬರೆಯುತ್ತಿದ್ದರು. ಪ್ರಯೋಗಕ್ಕೆ ಮೈ ಕೊಟ್ಟ ಬಡವರಿಗೆ ಅನ್ಯಾಯ ಆಗದ ಹಾಗೆ ನೋಡಿಕೊಳ್ಳುವುದೇ ಆ ಕಮಿಟಿಯ ಕೆಲಸವಂತೆ. ಊರಿನ ಪರವಾಗಿ ಅದರಲ್ಲಿ ಕೂತವರು ಯಾರು? ಇದೇ ಪರಮೇಶ್ವರಪ್ಪ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದು.

ಮಂಗನ ಕಾಯಿಲೆ ತರುವ ಉಣುಗು ಕಚ್ಚದಿರಲಿ ಎಂದು ಮೈಗೆ ಹಚ್ಚುವ ಹೊಸ ಎಣ್ಣೆಯ ಪ್ರಯೋಗ ಅದು. ಪರಮೇಶ್ವರಪ್ಪನವರ ಬೆಟ್ಟದಲ್ಲಿ ಉದುರಿದ ಒಣಗೆಲೆ, ದರಕು, ಗುಡಿಸಿ ಹೊರುವ ನಮಗೆಲ್ಲ ಒಂದೊಂದು ಸೀಸೆ, ಒಂದೊಂದು ನಂಬರು. ಕೆಲವು ಸೀಸೆಯಲ್ಲಿ ಔಷಧ, ಕೆಲವುದರಲ್ಲಿ ಬರಿ ಎಣ್ಣೆ. ಯಾರದು ಯಾವುದು ಎಂದು ಗೊತ್ತಾಗಬಾರದಂತೆ. ಓದು ಬಾರದ ನಮಗೆ ಕಾಗದ ಓದಿ ಹೇಳಬೇಕಾದ ಸಾಕ್ಷಿಯೂ ಪರಮೇಶ್ವರಪ್ಪನವರೇ. ಓದಲಿಲ್ಲ. ನಿಮ್ಮ ಒಳ್ಳೆಯದಕ್ಕೇ, ಒತ್ತಿ ಅಂದರು. ಒಡೆಯರು ಒತ್ತು ಅಂದಮೇಲೆ ಹೆಬ್ಬೆಟ್ಟು ನಮ್ಮದಾಗಿ ಉಳಿಯುತ್ತದೆಯೇ? ನಾನೂ ಒತ್ತಿದೆ. ಅವರ ಪುಸ್ತಕದಲ್ಲಿ ದೇವಕ್ಕ ಎಂಬ ನಾನು ಬರಿ ಮೂವತ್ತೆಂಟು.

ನಮ್ಮಲ್ಲಿ ದರಕಿನ ಕೆಲಸಕ್ಕೆ ಮನೆಗೊಂದು ಆಳು. ಹೆಸರು ಯಜಮಾನನದು, ಮೈ ಯಾರದಾದರೂ ಸೈ. ಚೌಡನ ಮೊಣಕಾಲು ಬಾತುಕೊಂಡಾಗ ಮಗಳು ಮಮತಾ ಹೋದಳು. ಅಪ್ಪನ ಹೆಡಿಗೆ ಹೊತ್ತಳು, ಅಪ್ಪನ ಸೀಸೆಯ ಎಣ್ಣೆ ಹಚ್ಚಿಕೊಂಡಳು. ಸೀಸೆ ಮನೆಗೆ ಕೊಟ್ಟಿದ್ದು ಅಂತಲೇ ನಾವೆಲ್ಲ ತಿಳಿದಿದ್ದೆವು. ಹದಿನೇಳರ ಹುಡುಗಿ ಮೂರು ವಾರ ಬೆಟ್ಟ ಹತ್ತಿದಳು. ಒಡೆಯರು ದಿನವೂ ಅವಳನ್ನು ಕಣ್ಣಾರೆ ಕಂಡು, ಪ್ರಯೋಗದವರ ಪುಸ್ತಕದಲ್ಲಿ ಮಾತ್ರ 'ನಲವತ್ತೊಂದು, ಚೌಡ, ಹಾಜರು' ಎಂದು ಗೀಚಿದರು. ವಾರಕ್ಕೊಮ್ಮೆ ರಕ್ತ ತೆಗೆಯುವವರು ಬಂದಾಗ ಚೌಡನೇ ಕುಂಟುತ್ತ ಹೋಗಿ ತೋಳು ಕೊಟ್ಟ.

ಅವತ್ತಿಗೆ ಮಮತಾಗೆ ಜ್ವರ ಹತ್ತಿ ಆರು ದಿನ. ಒಸಡಿನಲ್ಲಿ ರಕ್ತ. ಇದು ಮಂಗನ ಕಾಯಿಲೆಯೇ ಇರಬೇಕು, ಈಗಿಂದೀಗ ದೊಡ್ಡಾಸ್ಪತ್ರೆಗೆ ಒಯ್ಯಿ ಎಂದು ಬೆಳಿಗ್ಗೆ ಬಂದ ನರ್ಸಮ್ಮ ಹೇಳಿದ್ದರು. ಆಂಬುಲೆನ್ಸು ಬೇರೆ ರೋಗಿಯನ್ನು ಕರೆದುಕೊಂಡು ದೂರ ಹೋಗಿತ್ತು. ಕಮಿಟಿಯ ಗಾಡಿ ಭವನದ ಬಾಗಿಲಲ್ಲೇ ನಿಂತಿತ್ತು. ಪ್ರಯೋಗದಲ್ಲಿದ್ದವರಿಗೆ ಕಾಯಿಲೆ ಬಂದರೆ ಗಾಡಿ, ಆಸ್ಪತ್ರೆ, ಔಷಧ ಎಲ್ಲ ತಮ್ಮದೇ ಎಂದು ಅವರ ಕಾಗದದಲ್ಲೇ ಇದೆಯೆಂದೂ ನರ್ಸಮ್ಮ ಓದಿ ಹೇಳಿದ್ದರು. ಅದನ್ನೇ ಕೇಳಲು ತಿಮ್ಮಿ ಭವನಕ್ಕೆ ಬಂದದ್ದು.

ನಲವತ್ತೊಂದನೆಯವರು ಆರೋಗ್ಯವಾಗಿ ಎದುರಿಗೇ ನಿಂತಿದ್ದಾರಲ್ಲ ಎಂದರು ಮೇಡಂ. ಚೌಡ ತಲೆ ತಗ್ಗಿಸಿದ. ಗಟ್ಟಿಯಾಗಿರುವುದಕ್ಕೆ ನಾಚಿಕೆಪಟ್ಟ ಗಂಡಸನ್ನು ನಾನು ಕಂಡದ್ದು ಅವತ್ತೇ. ಹದಿನೆಂಟು ತುಂಬದವರು ಸೇರಿದ್ದಾರೆಂದು ಗೊತ್ತಾದರೆ ಪ್ರಯೋಗವೇ ನಿಂತುಹೋಗುತ್ತದೆ ಎಂದೂ ಮೇಡಂ ಹೇಳಿದರು. ಪರಮೇಶ್ವರಪ್ಪ ಮೇಡಂ ಕಿವಿಯ ಹತ್ತಿರ ಬಗ್ಗಿ ಏನೋ ಅಂದರು. ಒಂದು ಕಾಗದ ಬಂತು. ಮಗಳು ಬೆಟ್ಟಕ್ಕೆ ಹೋಗಿಲ್ಲ, ಎಣ್ಣೆ ಮುಟ್ಟಿಲ್ಲ ಎಂದು ತಿಮ್ಮಿ ಒತ್ತಿಕೊಟ್ಟರೆ, ಮಾನವೀಯತೆಯಿಂದ ಗಾಡಿ ಕೊಡುತ್ತಾರಂತೆ.

ನಾನಾಗಿದ್ದರೆ ಒತ್ತಿಬಿಡುತ್ತಿದ್ದೆ. ಸತ್ಯ ಹಾಳಾಗಿ ಹೋಗಲಿ, ಹುಡುಗಿ ಉಳಿದರೆ ಸಾಕು. ತಿಮ್ಮಿಯೂ ಹೆಬ್ಬೆಟ್ಟಿಗೆ ಶಾಯಿ ಮುಟ್ಟಿಸಿದಳು. ಆಮೇಲೆ ಕೈ ತಡೆದಳು.

"ಉಣುಗು ಎಲ್ಲಿ ಕಚ್ತು, ಮೈಗೆ ಎಂತ ಹಚ್ಕಂಡಿದ್ಲು ಅಂತ ಆಸ್ಪತ್ರೇಲಿ ಕೇಳಿರೆ ನಾ ಎಂತ ಹೇಳ್ಲಿ?"

"ಗೊತ್ತಿಲ್ಲ ಅನ್ನು," ಅಂದರು ಪರಮೇಶ್ವರಪ್ಪ.

"ಗೊತ್ತಿಲ್ದೆ ಎಂತ ಔಷ್ದ ಕೊಡ್ತಾರೆ ಒಡ್ಯಾ? ನನ್ ಕೂಸನ್ನ ನಾನೇ ಕೊಲ್ಲಬೇಕಾ?"

ಶಾಯಿಯನ್ನು ಸೆರಗಿಗೆ ಒರೆಸಿ ಹೊರಗೆ ನಡೆದಳು. ನಾವು ಮೂವರು ಹೆಂಗಸರು ಹಿಂದೆಯೇ ಅವಳ ಮನೆಗೆ ಹೋದೆವು. ಜ್ವರದಲ್ಲಿ ಬೇಯುತ್ತಿದ್ದ ಹುಡುಗಿಯನ್ನು ಕಂಬಳಿಯಲ್ಲಿ ಎತ್ತಿ, ನಾಲ್ಕು ಮೂಲೆ ನಾಲ್ವರು ಹಿಡಿದು ಭವನಕ್ಕೆ ಬಂದೆವು. ಬಾಗಿಲಿಗೆ ಅಡ್ಡ ಬಂದ ಪರಮೇಶ್ವರಪ್ಪನವರನ್ನು ನನ್ನ ಭುಜ ತಳ್ಳಿತು. ಹುಟ್ಟಿದಾಗಿನಿಂದ ಅವರ ನೆರಳನ್ನೂ ತುಳಿದವಳಲ್ಲ ನಾನು.

ಮಮತಾಳನ್ನು ಮೇಜಿನ ಮೇಲೆ, ಕಾಗದಗಳ ಮೇಲೆಯೇ ಮಲಗಿಸಿದೆವು. ಮೇಡಂ ಕುರ್ಚಿ ಹಿಂದಕ್ಕೆ ಸರಿಸಿದರು. ಡಾಕ್ಟರಾಗಿದ್ದೂ ಮೈ ಮುಟ್ಟಿ ನೋಡಲಿಲ್ಲ.

"ನಿಮ್ ನಲವತ್ತೊಂದು ಇವ್ಳೇಯ," ಅಂದಳು ತಿಮ್ಮಿ. "ಇದ್ದದ್ ಇದ್ದಂಗೆ ಬರ್ಕಳಿ. ಗಾಡಿ ಹತ್ಸಿ. ಹತ್ಸ್ದೆ ಹೋಗಾದಾರೆ ನನ್ ಮೇಲೆ ಹತ್ಸ್ಕಂಡು ಹೋಗಿ."

ಹೋಗಿ ಗಾಡಿಯ ಚಕ್ರದ ಮುಂದೆ ಮಲಗಿದಳು. ಉಳಿದಿಬ್ಬರೂ ಅವಳ ಪಕ್ಕ ಕೂತರು. ಒಳಗೆ ನಾನು ಮಮತಾಳ ಮೂಗಿನಿಂದ ಇಳಿಯುತ್ತಿದ್ದ ರಕ್ತ ಒರೆಸುತ್ತಿದ್ದೆ, ಅದು ನಿಲ್ಲುತ್ತಿರಲಿಲ್ಲ. ಮೇಜು ಗಿಡ್ಡ. ಹೊರಗೆ ಚಾಚಿದ ಮಗಳ ಕಾಲುಗಳನ್ನು ಚೌಡ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಮೇಡಂ ಮೂಲೆಗೆ ಹೋಗಿ ಬೆಂಗಳೂರಿಗೆ ಫೋನು ಹಚ್ಚಿ, ಇವಳನ್ನು ಯಾವ ನಂಬರಿನಲ್ಲಿ ಬರೆಯಬೇಕು ಎಂದು ಕೇಳುತ್ತಿದ್ದರು.