ಕೆಲಸದ ಕಿವಿ

ನಾಗಮಂಗಲದ ನಮ್ಮ ಮನೆಯಲ್ಲಿ ಗಂಟೆ ಎರಕ ಹೊಯ್ದರೆ ಅದನ್ನು ತೊಲೆಗೆ ನೇತುಹಾಕಿ, ಒಮ್ಮೆ ಬಾರಿಸಿ, ಎಡಗಿವಿ ಕೊಟ್ಟು ಎಣಿಸುತ್ತೇವೆ. ನಾದ ಅಡಗುವಷ್ಟರಲ್ಲಿ ಇಪ್ಪತ್ತಾದರೂ ಆಗಬೇಕು. ಆಗದಿದ್ದರೆ ಒಳಗೆಲ್ಲೋ ಬಿರುಕಿದೆ ಎಂದರ್ಥ, ಒಡೆದು ಕರಗಿಸಬೇಕು. ಎಡಗಿವಿಯೇ ಏಕೆ ಎಂದು ನಾನು ಅಪ್ಪನನ್ನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅಪ್ಪನಿಲ್ಲ.

ದೇವಲಾಪುರದ ಚಿಕ್ಕಮಾದಯ್ಯನವರು ಊರ ಗುಡಿಗೆಂದು ಮಾಡಲು ಹೇಳಿದ್ದ ಗಂಟೆ ಹನ್ನೊಂದಕ್ಕೇ ನಿಂತಿತು. ಒಡೆದು, ಮತ್ತೆ ಹೊಯ್ದೆ. ಎರಡನೆಯದು ಹತ್ತಕ್ಕೆ ನಿಂತಿತು. ತವರ ಹೆಚ್ಚಾಯಿತೇ, ಅಚ್ಚು ಹಸಿಯಿತ್ತೇ ಎಂದು ತಲೆ ಕೆಡಿಸಿಕೊಂಡು ಅದನ್ನೂ ಒಡೆದೆ. ಮೂರನೆಯದನ್ನು, ತಲೆಗೆ ಎಣ್ಣೆ ನೀರು ಹಾಕಿಕೊಂಡು ಬಂದು, ಬಾರಿಸಿದೆ. ನಾಲ್ಕೇ! ಕೈ ತಾನಾಗಿ ಸುತ್ತಿಗೆಗೆ ಹೋಯಿತು.

"ಯಾಕ್ಲಾ ಅರುಣ, ಇನ್ನೂ ಕೂಗ್ತಾ ಅದೆ, ಆಗ್ಲೇ ಸುತ್ಗೆ ಎತ್ಕಂಡೆ?" ಎಂದಳು ಅವ್ವ, ಒಳಗಿಂದ.

"ಎಲ್ಲವ್ವ ಕೂಗ್ತದೆ? ನಿಂತೋಯ್ತು."

"ಎಪ್ಪತ್ತಾದ ಮುದ್ಕೀಗೆ ಕೇಳ್ತದೆ, ನಿಂಗ್ ಕೇಳಾಕಿಲ್ವಾ? ಆ ಕಡೆ ತಿರುಗ್ಲಾ."

ತಿರುಗಿ ಬಲಗಿವಿ ಕೊಟ್ಟೆ. ಇಪ್ಪತ್ತೆರಡು. ಮತ್ತೆ ಎಡಗಿವಿ ಕೊಟ್ಟೆ. ನಾಲ್ಕು. ಒಂದೇ ಗಂಟೆ, ಎರಡು ಲೆಕ್ಕ. ಹೆದರಿಕೆಯಾಯಿತು. ಸುತ್ತಿಗೆ ಬಡಿದೂ ಬಡಿದೂ ಕಿವುಡಾದ ಚಿಕ್ಕಪ್ಪ ದಾಸಯ್ಯನ ನೆನಪಾಯಿತು. ಗಂಟೆ ಕೊಡಲು ಎಂಟೇ ದಿನ ಉಳಿದಿತ್ತು. ಇದು ಕೆಟ್ಟದ್ದಾದರೆ ಇವತ್ತೇ ಒಡೆಯಬೇಕು. ಆದರೆ ಬಲಗಿವಿಯನ್ನು ನಂಬಿ ನಾನು ಎಂದೂ ಕೆಲಸ ಮಾಡಿದವನಲ್ಲ. ಸುತ್ತಿಗೆಯನ್ನು ಅವ್ವನ ಕೈಗೆ ಕೊಟ್ಟು ಆಸ್ಪತ್ರೆಗೆ ಹೋದೆ.

ಡಾಕ್ಟರು ಪ್ರಮೀಳಾ ಎರಡೂ ಕಿವಿಗೆ ಬೆಳಕು ಬಿಟ್ಟು ನೋಡಿದರು. "ಎಡಗಡೆ ಗುಗ್ಗೆ ಗಟ್ಟಿಯಾಗಿ ಕೂತಿದೆ. ಏನು ಹಾಕ್ತೀರಿ?"

ಉಡಿದಾರದಲ್ಲಿದ್ದ ಬೆಳ್ಳಿಯ ಗುಗ್ಗೆಕಡ್ಡಿ ತೋರಿಸಿದೆ. ನಾನೇ ಮಾಡಿಕೊಂಡದ್ದು.

"ಕೆಲಸ ಚೆನ್ನಾಗಿದೆ. ಆದರೆ ಇದರಲ್ಲಿ ನೀವು ತೆಗೆದಿಲ್ಲ, ಒಳಕ್ಕೆ ಗಿಡಿದಿದ್ದೀರಿ. ಬಲಗಿವಿಗೆ ಹಾಕಲ್ವಾ?"

"ಇಲ್ಲ ಮೇಡಂ. ಕೆಲ್ಸದ ಕಿವಿ ಎಡಗಡೇದು. ಪ್ರತಿ ಎರಕಕ್ಕೂ ಮುಂಚೆ ತಪ್ಪದೆ ಶುಚಿ ಮಾಡ್ತೀನಿ."

ಹೇಳುತ್ತಿದ್ದಂತೆ ನನಗೇ ಗೊತ್ತಾಯಿತು. ಮುಟ್ಟದೆ ಬಿಟ್ಟ ಕಿವಿ ಚೆನ್ನಾಗಿತ್ತು.

ಗುಗ್ಗೆ ಕೊಳೆಯಲ್ಲವಂತೆ. ಧೂಳು ಹಿಡಿಯಲು ಕಿವಿಯೇ ಮಾಡಿಕೊಳ್ಳುವುದಂತೆ. ಕಿವಿಯೊಳಗಿನ ಚರ್ಮ ನಿಧಾನವಾಗಿ ಹೊರಗೆ ಸರಿಯುತ್ತಾ ಅದನ್ನೂ ಹೊತ್ತು ತರುತ್ತದಂತೆ. ನಿನ್ನೆಯವರೆಗೆ ಗುಗ್ಗೆಯ ಪಕ್ಕದಲ್ಲಿ ಒಂದು ಸಂದು ಉಳಿದಿತ್ತು. ತಲೆಗೆ ಹಾಕಿಕೊಂಡ ನೀರು ಹೋಗಿ ಗುಗ್ಗೆ ಉಬ್ಬಿ ಅದೂ ಮುಚ್ಚಿತ್ತು. ನೋವು, ಕೀವು, ಕಿವಿಯ ತಮಟೆಯಲ್ಲಿ ತೂತು ಇವೆಯೇ ಎಂದು ವಿಚಾರಿಸಿ, ಐದು ದಿನ ಬಿಡಲು ಹನಿ ಔಷಧಿ ಬರೆದುಕೊಟ್ಟರು.

"ಅಷ್ಟರಲ್ಲಿ ಗಂಟೆ..."

"ಗಂಟೆ ಎಲ್ಲಿಗೂ ಓಡಿಹೋಗಲ್ಲ. ನೀವು ಕಡ್ಡಿ ಮುಟ್ಟಬೇಡಿ."

ಐದು ದಿನ ಸುತ್ತಿಗೆ ಅವ್ವನ ಮಂಚದ ಕೆಳಗಿತ್ತು. ಮೆತ್ತಗಾದ ಗುಗ್ಗೆ ಇನ್ನೂ ಮುಚ್ಚಿಕೊಂಡು, ಎಡಗಡೆಯೆಲ್ಲ ಹತ್ತಿ ತುರುಕಿದಂತಿತ್ತು. ಎರಡು ಸಲ ಮಂಚದ ಕೆಳಗೆ ಕೈ ಹಾಕಿದೆ. ಎರಡು ಸಲವೂ ಬೈಸಿಕೊಂಡೆ.

ಆರನೆಯ ದಿನ ಡಾಕ್ಟರು ಉಗುರು ಬೆಚ್ಚಗಿನ ನೀರು ಹಾಯಿಸಿದರು. ಹುಣಸೆ ಬೀಜದಂಥದ್ದು ತಟ್ಟೆಗೆ ಬಿತ್ತು. ಇಷ್ಟು ಸಣ್ಣದೇ ಎಂದು ಬಗ್ಗಿ ನೋಡುತ್ತಿರುವಾಗಲೇ ನನ್ನ ಚಪ್ಪಲಿಯ ಸದ್ದು ನನಗೆ ಕೇಳಿಸಿತು.

ಮನೆಗೆ ಬಂದು ಬಾರಿಸಿದೆ. ಎಡಗಿವಿಗೆ ಇಪ್ಪತ್ತಮೂರು. ಬೇಗ ಎಣಿಸಿದೆನೇನೋ ಎಂದು ಮತ್ತೊಮ್ಮೆ ಬಾರಿಸಿದೆ. ಇಪ್ಪತ್ತಮೂರೇ. ಹಾಗಾದರೆ ಒಡೆದ ಆ ಎರಡು? ಅವುಗಳ ಲೋಹವೂ ಇದರಲ್ಲೇ ಇದೆ, ಕೇಳುವಂತಿಲ್ಲ.

ಎಂಟನೆಯ ದಿನ ಚಿಕ್ಕಮಾದಯ್ಯ ಬಂದರು. "ಕೊನೇ ದಿನದವರ್ಗೂ ಎಳ್ದುಬುಟ್ಟಲ್ಲಪ್ಪಾ ಗಂಟೇನ?"

"ತಪ್ಪು ನನ್ ಕಿವೀದು ಅಣ್ಣ. ಎಲ್ಡು ಒಳ್ಳೇವ್ನೇ ಒಡ್ದಾಕ್ಬುಟ್ಟೆ ಅನ್ಸುತ್ತೆ. ಇದ್ನ ನೀವೂ ಒಂದ್ ಸತಿ ಎಣಿಸ್ಬುಡಿ."

"ಅಂಗಾರೆ ತಡಿ, ವಸಿ ಶುಚಿ ಮಾಡ್ಕಂಡು ಕೇಳ್ತೀನಿ," ಎಂದು ಅವರು ಜೇಬಿನಿಂದ ಬೆಂಕಿಕಡ್ಡಿ ತೆಗೆದು ಕಿವಿಗೆ ಒಯ್ದರು.

ನಾನು ಗಂಟೆ ಬಿಟ್ಟು ಅವರ ಕೈ ಹಿಡಿದುಕೊಂಡೆ.