ಬೆಟ್ಟದಲ್ಲಿ ಬಿಟ್ಟುಕೊಟ್ಟ ಕೂಸು

ಒಲಾಂದಿನಾ ಮಾತೆಬಿಯನ್ ಬೆಟ್ಟದ ಗುಹೆಗಳಲ್ಲಿ ಹೋರಾಟಗಾರರಿಗೆ ಕಾಡುಗೆಣಸು ಬೇಯಿಸಿ ಹಾಕುತ್ತಿದ್ದಳು. ಗಂಡ ಗುಂಡೇಟಿಗೆ ಸತ್ತು ಎರಡು ತಿಂಗಳಾಗಿತ್ತು. ಕಂಕುಳಲ್ಲಿ ಏಳು ತಿಂಗಳ ಗಂಡುಕೂಸು, ಅನಾಕ್ಲೆತು. ಎದೆಹಾಲು ಬತ್ತಿತ್ತು, ಕೂಸು ಹೊತ್ತುಗೊತ್ತಿಲ್ಲದೆ ಅಳುತ್ತಿತ್ತು. ಕೆಳಗೆ ಕಣಿವೆಯಲ್ಲಿ, ನಾಡನ್ನು ಆಕ್ರಮಿಸಿದ್ದ ಸೈನಿಕರು ತಡಕಾಡುತ್ತಿದ್ದರು.

"ನೋಡು ತಂಗಿ," ಎಂದ ದಳಪತಿ ಕೊಸ್ಮೆ, ಅವಳ ಮುಖ ನೋಡದೆ. "ಇದರ ಬಾಯಿ ನಲವತ್ತು ಜನರನ್ನ ಕೊಲ್ಲಿಸುತ್ತೆ. ಕೆಳಗಿನ ಊರ ಕಾನ್ವೆಂಟಲ್ಲಿ ಸಿಸ್ಟರ್‌ಗಳಿದ್ದಾರೆ, ಕೊಟ್ಟು ಬಾ. ಸ್ವಾತಂತ್ರ್ಯ ಬಂದ ದಿನ ನಾನೇ ತಂದು ನಿನ್ನ ಮಡಿಲಿಗೆ ಹಾಕ್ತೀನಿ."

"ಯಾವಾಗ ಬರುತ್ತಣ್ಣಾ ಅದು?"

"ಇನ್ನೇನು, ಒಂದೆರಡು ವರ್ಷ."

ಅವಳು ಕೂಸನ್ನು ಕೊಟ್ಟು ಬಂದಳು. ಸ್ವಾತಂತ್ರ್ಯಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ವರ್ಷ ಹಿಡಿಯಿತು. ಅಷ್ಟರಲ್ಲಿ ಸಿಸ್ಟರ್‌ಗಳ ಮನೆ ಸುಟ್ಟುಹೋಗಿತ್ತು, ಕೂಸನ್ನು ಯಾರೋ ಕಡಲಾಚೆ, ಸೈನಿಕರ ನಾಡಾದ ಜಾವಾಕ್ಕೆ ಒಯ್ದಿದ್ದರು. ಒಲಾಂದಿನಾ ಹೊಸ ದೇಶದ ರಾಜಧಾನಿ ದಿಲಿಗೆ ಹೋಗಿ, ಈಗ ದೊಡ್ಡ ಮನುಷ್ಯನಾಗಿದ್ದ ಕೊಸ್ಮೆಯ ಗೇಟಿನ ಮುಂದೆ ಎರಡು ದಿನ ಕಾದಳು.

"ಯಾವ ಮಗು ತಂಗಿ?" ಎಂದ ಅವನು, ಕಾರಿನ ಕಿಟಕಿಯಿಂದ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ.

ಅವಳೊಬ್ಬಳೇ ಹುಡುಕಿದಳು. ಅವಳಿಗಾಗಿ ಇಗರ್ಜಿಯವರು ಬರೆದ ಕಾಗದಗಳು ಊರೂರು ತಿರುಗಿದವು. ನಾಲ್ಕು ವರ್ಷದ ಮೇಲೆ, ಒಂದು ಮಧ್ಯಾಹ್ನ, ಮಗ ಬಂದ. ಈಗ ಹೆಸರು ಹೆಂದ್ರಾ. ಮೂಗು ಅಪ್ಪನದೇ. ಅವಳ ತೇತುಮ್ ಮಾತು ಅವನಿಗೆ ಬಾರದು, ಅವನ ಮಾತು ಅವಳಿಗೆ ಬಾರದು. ಊರ ಶಾಲೆಯ ಟೀಚರ್ ದುಲ್ಸೆ ನಡುವೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸುತ್ತಿದ್ದಳು.

ಒಲಾಂದಿನಾ ಇದ್ದ ಒಂದು ಕೋಳಿಯನ್ನೂ ಕೊಯ್ದಿದ್ದಳು. ಅವನು ತಟ್ಟೆ ಮುಟ್ಟದೆ ಕೇಳಿದ.

"ಬೆಟ್ಟದಲ್ಲಿ ಬೇರೆ ಹೆಂಗಸರೂ ಮಕ್ಕಳನ್ನ ಕೊಟ್ಟುಬಿಟ್ರಾ ಅಂತ ಕೇಳ್ತಿದಾನೆ," ಎಂದಳು ದುಲ್ಸೆ.

ಹೌದು ಎನ್ನಬಹುದಿತ್ತು. ಆದರೆ ಅಷ್ಟು ವರ್ಷ ತಾನು ಕಾದಿದ್ದವನ ಮುಂದೆ ಅವಳಿಗೆ ಸುಳ್ಳಾಡಲು ಮನಸ್ಸು ಬರಲಿಲ್ಲ.

"ಇಲ್ಲ. ರೊಜಿತಾ ಕೊಡಲಿಲ್ಲ. ಸೈನಿಕರು ಹತ್ತಿರ ಬಂದಾಗ ಮಗೂ ಬಾಯಿಗೆ ಬಟ್ಟೆ ಒತ್ತಿ ಹಿಡ್ಕೊಂಡಿದ್ಳು. ಅವರು ಹೋದ್ಮೇಲೆ ನೋಡಿದ್ರೆ, ಮಗು ಉಸಿರಾಡ್ತಿರಲಿಲ್ಲ."

ದುಲ್ಸೆ ತಗ್ಗಿದ ದನಿಯಲ್ಲಿ ಅದನ್ನು ಅವನಿಗೆ ಹೇಳಿದಳು. ಅವನು ಒಂದೇ ಮಾತಾಡಿದ.

"ಏನಂದ? ಹೇಳೇ."

"ಅವಳಾದ್ರೂ ಕೊನೇವರೆಗೂ ಮಗೂನ ಎದೆಗೆ ಅಪ್ಪಿಕೊಂಡಿದ್ಳಲ್ಲ, ಅಂದ."

ಅವನು ಸಂಜೆಯ ಬಸ್ಸಿಗೆ ಹೊರಟ. ಜಾವಾದ ಸುರಬಾಯಾದಲ್ಲಿ ಅಮ್ಮ ಕಾಯುತ್ತಿದ್ದಾಳಂತೆ. ಒಲಾಂದಿನಾ ರಸ್ತೆಯವರೆಗೂ ಹೋಗಲಿಲ್ಲ. ಅವನ ತಟ್ಟೆಯನ್ನು ತನ್ನತ್ತ ಎಳೆದುಕೊಂಡು, ಆರಿದ ಅನ್ನವನ್ನೂ ಕೋಳಿ ತುಂಡುಗಳನ್ನೂ ಮೂಳೆ ಸಮೇತ ಅಗಿದು ಅಗಿದು ತಿಂದಳು.