ಮದ್ದಿನ ಮನೆಯ ಮರಳು

ಮಾಲೂರು ಸೀಮೆಯ ಗಾರೆ ಕೆಲಸದವರಲ್ಲಿ ಈ ಕಥೆ ಹಲವು ಬಗೆಯಾಗಿ ಓಡಾಡುತ್ತದೆ. ಮುನಿಯಲ್ಲಮ್ಮ ಮರಳು ತೊಳೆದ ನೀರಿನ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು.

ಆಕೆಯ ಗಂಡ ಪೆದ್ದಪ್ಪ ಹೆಂಡದ ವಾಸನೆಗೇ ಮೂಗು ಮುಚ್ಚುತ್ತಿದ್ದವನು. ಕಂಟ್ರಾಕ್ಟರ್ ಚಂದ್ರಮೋಹನ್ ಕಟ್ಟಿಸಿದ್ದ ಗೆದ್ದಲು ಹಿಡಿದ ಸಾರುವೆಯ ಮೇಲೆ ನಿಂತು ಗಾರೆ ಮೆತ್ತುವಾಗ ಅದು ಮುರಿದು, ಬಿದ್ದು ಸತ್ತ. ಪೊಲೀಸರು ಬರುವ ಮೊದಲೇ ಚಂದ್ರಮೋಹನ್ ಹೆಣದ ಅಂಗಿಗೆ ಬ್ರಾಂದಿ ಸುರಿದ. ಅದನ್ನು ಕಣ್ಣಾರೆ ಕಂಡ ಜೊತೆಗಾರ ಕದಿರೇಶ್, ಹೆದರಿ, ಮುನಿಯಲ್ಲಮ್ಮನ ಕಿವಿಯಲ್ಲಷ್ಟೇ ಹೇಳಿದ. ಊರಿನ ಬಾಯಲ್ಲಿ ಪೆದ್ದಪ್ಪ ಕುಡಿದು ಸತ್ತವನಾಗಿಯೇ ಉಳಿದ. ಆ ಕಳಂಕವನ್ನು ಸುರಿದವನ ಬಾಯಿಂದಲೇ ಅಳಿಸಬೇಕೆಂದು ಆಕೆ ಅವನ ಆಳಾಗಿಯೇ ದುಡಿಯುತ್ತ ಕಾದಳು.

ಮರುವರ್ಷ ಚಂದ್ರಮೋಹನ್‌ಗೆ ಕಡಲ ದಂಡೆಯ ಹಾಳು ಕೋಟೆಯೊಂದರಲ್ಲಿ ಹಿಂದೆ ತೋಪಿನ ಮದ್ದು ಕೂಡಿಡುತ್ತಿದ್ದ ಮದ್ದಿನ ಮನೆಯನ್ನು ರೆಸಾರ್ಟಿಗಾಗಿ ಹೊಸದು ಮಾಡುವ ಕೆಲಸ ಸಿಕ್ಕಿತು. ಆಳುದ್ದ ದಪ್ಪದ ಮುರಕಲ್ಲಿನ ಗೋಡೆ, ಕಮಾನಿನ ಚಾವಣಿ, ಗಾಳಿ ನುಗ್ಗಿದರೂ ಕಿಡಿ ನುಗ್ಗದಂತೆ ಗೋಡೆಯೊಳಗೇ ಬಳಸಿ ತಿರುವಿದ ಕಿಂಡಿಗಳು. ಅಲೆ ಬಡಿಯುವಷ್ಟು ಹತ್ತಿರವಿದ್ದರೂ ಅಲ್ಲಿ ಮದ್ದು ಎಂದೂ ತೇವವಾಗಲಿಲ್ಲವಂತೆ. ಕಟ್ಟಿದವರು ಗಾರೆಯ ಮರಳನ್ನು ಕೋಟೆಯೊಳಗಿನ ಸಿಹಿನೀರ ಬಾವಿಯ ಬಳಿ ಉಪ್ಪು ಬಿಡುವವರೆಗೆ ತೊಳೆದಿದ್ದರೆಂದು ಕಾವಲುಗಾರ ಹೇಳಿದ.

"ನೀನೂ ಹಂಗೇ ತೊಳೀಬೇಕು ಮುನಿಯಲ್ಲಮ್ಮ. ಚೂರು ಉಪ್ಪು ಉಳಿದ್ರೂ ಗೋಡೆ ಬೆವರುತ್ತೆ, ನನ್ ಮಾನ ಹೋಗುತ್ತೆ," ಎಂದ ಚಂದ್ರಮೋಹನ್.

"ಆಗ್ಲಿ ಸಾರ್. ನಿಮ್ ಮಾನ ನನ್ ಕೈಲೈತೆ."

ಆಕೆ ಬೆಳಗಿನಿಂದ ಬೈಗಿನವರೆಗೆ ತೊಳೆದಳು. ನೆರಳಿನಲ್ಲಿ ಕುಳಿತ ಚಂದ್ರಮೋಹನ್ ಒದ್ದೆ ಮರಳನ್ನಷ್ಟೇ ಕಂಡ. ಆಕೆ ಕೊಡ ತುಂಬಿದ್ದು ಕಡಲಿನಲ್ಲಿ.

"ಅಕ್ಕಾ, ಬಾವಿ ಈ ಕಡೆ ಐತೆ," ಎಂದ ಕದಿರೇಶ್.

"ಊರ್ಕೋ ರಾ, ಸುಮ್ನಿರು! ಸತ್ತೋನ ಅಂಗಿ ನೆನೆಸ್ದಾಗ ಯಾವ ಬಾವಿ ಹುಡುಕಿದ್ರು?"

ಕದಿರೇಶ್ ಇನ್ನೊಂದು ಕೊಡ ಎತ್ತಿಕೊಂಡು ಕಡಲಿನತ್ತ ಇಳಿದ.

ಮಳೆಗಾಲ ಕಳೆದು ರೆಸಾರ್ಟಿನ ಯಜಮಾನರು ನೋಡಲು ಬಂದ ದಿನ ಮದ್ದಿನ ಮನೆ ಬೆವರುತ್ತಿತ್ತು. ಗಾರೆ ಬಿಳಿ ಹೊಪ್ಪಳೆಯಾಗಿ ಎದ್ದು ಅವರ ಹೆಗಲ ಮೇಲೇ ಉದುರಿತು.

"ಏನೇ ಮಾಡ್ದೆ ಗೋಡೆಗೆ?" ಚಂದ್ರಮೋಹನ್ ಹರಿಹಾಯ್ದ.

"ನಾನೇನ್ ಮಾಡ್ಲಿ ಸಾರ್? ಕುಡಿದೈತೆ. ಬೇಕಾದ್ರೆ ಮೂಸಿ ನೋಡಿ."

ಅವನ ಮುಖ ಬಿಳಿಚಿತು. ಆಕೆ ದನಿ ಏರಿಸಲಿಲ್ಲ. "ನನ್ ಗಂಡ ಕುಡಿದಿದ್ನಾ? ಇವರೆಲ್ಲಾರ ಮುಂದೆ ಹೇಳಿ. ಆಮೇಲೆ ಗೋಡೆ ಮಾತು."

"ಅದೇನೋ ಹೇಳಿ ಮುಗಿಸ್ರೀ," ಯಜಮಾನರು ಹೆಗಲು ಕೊಡವುತ್ತ ಗದರಿದರು.

"ಇಲ್ಲ... ಬ್ರಾಂದಿ ನಾನೇ ಸುರಿದಿದ್ದು," ಎಂದ ಚಂದ್ರಮೋಹನ್. ಆಳುಗಳೆಲ್ಲ ಕೇಳಿಸಿಕೊಂಡರು. "ಈಗ ಹೇಳಮ್ಮ, ಹೆಂಗ್ ಸರಿ ಮಾಡೋದು?"

"ಆಗಲ್ಲ ಸಾರ್. ಉಪ್ಪು ಹಳೇ ಕಲ್ಲಿಗೂ ಇಳಿದೈತೆ. ನೀವು ಬದುಕಿರೋವರ್ಗೂ ಬೆವರ್ತೈತೆ."

ತನಗೆ ಯಾವ ಕೇಡನ್ನೂ ಮಾಡದ ಕೋಟೆಗೆ ಮುನಿಯಲ್ಲಮ್ಮ ಕೈಮುಗಿದಳು. ಅವನಿಗೆ ಮುಗಿಯಲಿಲ್ಲ.